ಹಿಟ್ಟಿನ ಹುಂಜ ಮತ್ತು ಹಿತ್ತಲಿನ ಹೇಂಟೆ

ಮಳೆಗಾಲದ ನಾಲ್ಕು ತಿಂಗಳು ಜೈನ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ನೆಲ ಹಸಿಯಾಗಿ, ಹುಲ್ಲು ಚಿಗುರಿ, ಹೆಜ್ಜೆಹೆಜ್ಜೆಗೂ ಹುಳುಹುಪ್ಪಟೆಗಳು ತುಂಬಿಕೊಳ್ಳುವ ಆ ಕಾಲದಲ್ಲಿ ನಡೆದಾಟದಿಂದಾಗುವ ಜೀವಹಾನಿಯನ್ನು ತಪ್ಪಿಸುವುದು ಚಾತುರ್ಮಾಸದ ಮೂಲ ಆಶಯ. ಶ್ರಾವಕರು ಆ ದಿನಗಳಲ್ಲಿ ಬಸದಿಗೆ ಹೋಗುತ್ತಾರೆ, ಪ್ರವಚನ ಕೇಳುತ್ತಾರೆ, ಹಸಿರು ತರಕಾರಿಯನ್ನು ತ್ಯಜಿಸುತ್ತಾರೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾರೆ. ಇವೆಲ್ಲವೂ ಜೀವದಯೆಯ ಅಭ್ಯಾಸಗಳೇ. ಆದರೆ ಅದೇ ಮಳೆಗಾಲದಲ್ಲಿ ಈ ಅಭ್ಯಾಸದ ಗಟ್ಟಿತನವನ್ನು ಪರೀಕ್ಷಿಸುವ ಸಂದರ್ಭವೊಂದು ಮನೆಯ ಹಿತ್ತಲಿಗೇ ಬಂದು ನಿಲ್ಲಬಹುದು.

ಕರಾವಳಿಯ ಒಂದು ಜೈನ ಮನೆಯನ್ನು ಊಹಿಸಿಕೊಳ್ಳೋಣ. ತೋಟದ ಕೆಲಸಕ್ಕೆ ಬರುವ ಹೆಂಗಸಿನ ಹೇಂಟೆಯೊಂದು ಮನೆಯ ಹಿಂದಿನ ಕೊಟ್ಟಿಗೆಯ ಮೂಲೆಯಲ್ಲಿ ರೆಕ್ಕೆ ಜೋತುಬಿಟ್ಟು ಕುಳಿತಿದೆ. ಗರಿಗಳು ಕೆದರಿವೆ, ಜುಟ್ಟಿನ ಕೆಂಪು ಮಾಸಿದೆ, ಕಣ್ಣು ಅರೆಮುಚ್ಚಿದೆ. ಕಾಳು ಎಸೆದರೆ ತಲೆಯೆತ್ತುವುದಿಲ್ಲ. ಮನೆಯವರು ನೋಡುತ್ತಾರೆ, ಮರುಗುತ್ತಾರೆ, ಒಳಗೆ ಹೋಗುತ್ತಾರೆ. ಯಾರೂ ಅದಕ್ಕೆ ಕಲ್ಲೆಸೆಯಲಿಲ್ಲ, ಯಾರೂ ಅದನ್ನು ಹೊರದಬ್ಬಲಿಲ್ಲ. ಹಿಂಸೆ ಮಾಡಲಿಲ್ಲವೆಂಬ ಸಮಾಧಾನ ಎಲ್ಲರಲ್ಲೂ ಇದೆ. ಆದರೆ ಹಿಂಸೆ ಮಾಡದಿರುವುದಷ್ಟೇ ಅಹಿಂಸೆಯೇ?

ಜೈನಶಾಸ್ತ್ರದ ಜೀವವಿಂಗಡಣೆಯಲ್ಲಿ ಕೋಳಿ ಸಣ್ಣ ಸ್ಥಾನದ ಜೀವಿಯಲ್ಲ. ಸ್ಪರ್ಶ, ರಸ, ಘ್ರಾಣ, ಚಕ್ಷು, ಶ್ರೋತ್ರ ಎಂಬ ಐದು ಇಂದ್ರಿಯಗಳೂ ಅದಕ್ಕಿವೆ. ಜೊತೆಗೆ ಮನೋಬಲವಿದೆ. ಮನುಷ್ಯನಿಗೆ ಹೇಳಿದ ದಶಪ್ರಾಣಗಳು ಅದಕ್ಕೂ ಸಲ್ಲುತ್ತವೆ. ತಿರ್ಯಂಚಗತಿಯಲ್ಲಿ ಹುಟ್ಟಿದೆ ಎಂಬುದೊಂದು ಭೇದವನ್ನು ಬಿಟ್ಟರೆ ನೋವನ್ನು ಅನುಭವಿಸುವ ಶಕ್ತಿಯಲ್ಲಿ ಅದು ಮನುಷ್ಯನ ಸಮೀಪಬಂಧು. ಏಕೇಂದ್ರಿಯ ಜೀವಿಗಳಿಗಾಗಿ ಗೆಡ್ಡೆಗೆಣಸನ್ನು ಬಿಡುವ ಮನೆ, ಪಂಚೇಂದ್ರಿಯ ಜೀವವೊಂದು ನರಳುವಾಗ ಬಾಗಿಲು ಮುಚ್ಚಿಕೊಂಡರೆ ಆಚರಣೆ ಉಳಿದು ಅದರ ಪ್ರಾಣ ಹೋದಂತಾಗುತ್ತದೆ.

ಬಾಗಿಲು ಮುಚ್ಚುವುದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಅವುಗಳಲ್ಲಿ ಮೊದಲನೆಯದು, 'ಅದರ ಕರ್ಮ ಅದು ಅನುಭವಿಸುತ್ತದೆ' ಎಂಬುದು. ಅಸಾತಾ ವೇದನೀಯ ಕರ್ಮದ ಉದಯದಿಂದ ಜೀವಕ್ಕೆ ನೋವುಂಟಾಗುತ್ತದೆ ಎಂಬುದು ಸಿದ್ಧಾಂತದ ಮಾತು, ನಿಜ. ಆದರೆ ಆ ಮಾತು ಹೇಳಿದ್ದು ತನ್ನ ನೋವನ್ನು ಸಮಭಾವದಿಂದ ಸಹಿಸುವುದಕ್ಕೇ ಹೊರತು, ಪರರ ನೋವಿನ ಮುಂದೆ ಕೈಕಟ್ಟಿ ನಿಲ್ಲುವುದಕ್ಕಲ್ಲ. ಕೋಳಿಯ ಕರ್ಮ ಕೋಳಿಗೆ. ಅದನ್ನು ಕಂಡವನ ಮನಸ್ಸಿನಲ್ಲಿ ಹುಟ್ಟುವ ಭಾವ ಕಂಡವನ ಕರ್ಮ. ನಿರ್ಲಕ್ಷ್ಯ ಹುಟ್ಟಿದರೆ ಅದು ಒಂದು ಬಗೆಯ ಬಂಧ, ಅನುಕಂಪೆ ಹುಟ್ಟಿದರೆ ಇನ್ನೊಂದು. ಸಮ್ಯಕ್ತ್ವದ ಕುರುಹುಗಳೆಂದು ಹೇಳುವ ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯಗಳಲ್ಲಿ ಅನುಕಂಪೆಯನ್ನು ಕಿತ್ತುಹಾಕಿ ಉಳಿದ ಮೂರನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಮನೆಯ ಮಗುವಿಗೆ ಜ್ವರ ಬಂದಾಗ ಕರ್ಮವೆಂದು ಸುಮ್ಮನಿರದೆ ವೈದ್ಯರ ಬಳಿಗೆ ಓಡುವವರು, ಕೋಳಿಯ ವಿಷಯದಲ್ಲಿ ಮಾತ್ರ ಸಿದ್ಧಾಂತವನ್ನು ನೆನೆದರೆ ಅದು ಸಿದ್ಧಾಂತವಲ್ಲ, ಅನುಕೂಲ.

ಎರಡನೆಯ ಕಾರಣ ಇನ್ನಷ್ಟು ತೊಡಕಿನದು. ಕೋಳಿ ಸಾಕಣೆ ಜೈನ ಗೃಹಸ್ಥರ ವೃತ್ತಿಯಲ್ಲ. ಹಿತ್ತಲಿಗೆ ಬಂದ ಹೇಂಟೆ ಬೇರೆಯವರದು. ಇಂದು ಗುಣಪಡಿಸಿದರೆ ನಾಳೆ ಅದು ಸಾರಿನ ಪಾತ್ರೆಗೆ ಹೋಗಬಹುದು, ಹುಂಜವಾಗಿದ್ದರೆ ಕೋಳಿ ಅಂಕಕ್ಕೆ ಹೋಗಬಹುದು. ಹಾಗಾದರೆ ಈ ಶುಶ್ರೂಷೆ ಮುಂದಿನ ಹಿಂಸೆಗೆ ಸಹಾಯ ಮಾಡಿದಂತಾಗುವುದಿಲ್ಲವೇ? ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಶಾಸ್ತ್ರವೇ ಇದಕ್ಕೆ ಅಳತೆಗೋಲನ್ನು ಕೊಟ್ಟಿದೆ. ಮನ, ವಚನ, ಕಾಯಗಳಿಂದ ತಾನೇ ಮಾಡುವುದು, ಮಾಡಿಸುವುದು, ಮಾಡುವುದನ್ನು ಅನುಮೋದಿಸುವುದು ಎಂಬ ದಾರಿಗಳಿಂದ ಹಿಂಸೆಯ ಹೊಣೆ ಬರುತ್ತದೆ. ನೋವನ್ನು ನೀಗಿಸಬೇಕೆಂಬ ಒಂದೇ ಭಾವದಿಂದ ಮದ್ದು ಕೊಟ್ಟವನು ಮುಂದಿನ ಕೊಲೆಯನ್ನು ಮಾಡಿದವನಲ್ಲ, ಮಾಡಿಸಿದವನಲ್ಲ, ಅನುಮೋದಿಸಿದವನೂ ಅಲ್ಲ. ನಾಳೆ ಏನಾದೀತೆಂದು ಇಂದಿನ ನೋವನ್ನು ಬಿಟ್ಟುಬಿಡುವವನಾದರೋ ಕಣ್ಣೆದುರಿನ ನೋವಿಗೆ ಒಪ್ಪಿಗೆಯಿತ್ತಂತೆಯೇ.

ಭಾವಕ್ಕೆ ಜೈನಧರ್ಮ ಕೊಟ್ಟ ತೂಕವನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ರಚಿಸಿದ 'ಯಶೋಧರ ಚರಿತೆ' ನಮ್ಮ ಮುಂದಿದೆ. ಕೆಟ್ಟ ಕನಸಿನ ಶಾಂತಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರ ಒಲ್ಲೆನೆನ್ನುತ್ತಾನೆ. ಕಡೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನಿಂದ ಮಾಡಿದ ಹುಂಜವನ್ನು ಬಲಿಯಿಡುತ್ತಾನೆ. ಅಲ್ಲಿ ರಕ್ತ ಹರಿಯಲಿಲ್ಲ, ಮುರಿದದ್ದು ಬರಿಯ ಹಿಟ್ಟು. ಆದರೂ ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಆಡು ಮುಂತಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಆ ಜನ್ಮದಲ್ಲಿ ಮುನಿಯೊಬ್ಬರ ಧರ್ಮೋಪದೇಶ ಕಿವಿಗೆ ಬಿದ್ದು, ಹಿಂದಿನ ಭವಗಳ ನೆನಪು ಮರಳಿ, ಸಂತೋಷದಿಂದ ಕೂಗುತ್ತಾರೆ. ಕೂಗು ಕೇಳಿದ ರಾಜನ ಬಾಣಕ್ಕೆ ಬಲಿಯಾಗುತ್ತಾರೆ. ಆ ರಾಜ ಬೇರಾರೂ ಅಲ್ಲ, ಹಿಂದೆ ಯಶೋಧರನಾಗಿದ್ದವನ ಸ್ವಂತ ಮಗ. ಅವನಿಗೇ ಮಕ್ಕಳಾಗಿ ಹುಟ್ಟಿ ಬಂದಾಗ ಅವರ ಹೆಸರು ಅಭಯರುಚಿ, ಅಭಯಮತಿ.

ಬಲಿಯನ್ನು ಖಂಡಿಸುವ ಕಥೆಯೆಂದು ಇದನ್ನು ಓದುವುದು ರೂಢಿ. ಅದು ಸರಿಯೇ. ಆದರೆ ಅದರ ತರ್ಕವನ್ನು ಇನ್ನೊಂದು ಬದಿಗೂ ಹಿಡಿದು ನೋಡಬೇಕು. ಪ್ರಾಣವಿಲ್ಲದ ಹಿಟ್ಟಿನ ಹುಂಜದ ಮೇಲೆ ತಳೆದ ಕೊಲೆಯ ಭಾವ ಭವಭವಗಳಿಗೆ ಬೆನ್ನುಹತ್ತುವುದಾದರೆ, ಪ್ರಾಣವಿರುವ ಹೇಂಟೆಯನ್ನು ಉಳಿಸಬೇಕೆಂದು ತಳೆದ ಭಾವ ವ್ಯರ್ಥವಾದೀತೇ? ಚಿಕಿತ್ಸೆ ಫಲಿಸದೆ ಅದು ಸತ್ತರೂ, ಫಲಿಸಿ ಮುಂದೆ ಯಾರದೋ ಕೈಗೆ ಸಿಕ್ಕರೂ, ಉಳಿಸಲು ಹೊರಟವನ ಪರಿಣಾಮಶುದ್ಧಿ ಅಳಿಯುವುದಿಲ್ಲ. ಅಷ್ಟೇ ಅಲ್ಲ, ಕೊಟ್ಟಿಗೆಯ ಮೂಲೆಯಲ್ಲಿ ಮುದುಡಿ ಕುಳಿತ ಜೀವ ಯಾವ ಭವದಲ್ಲಿ ಯಾರಾಗಿತ್ತೆಂದು ಬಲ್ಲವರು ಯಾರು? ಮಗನಿಗೆ ತಂದೆಯ ಗುರುತು ಸಿಗಲಿಲ್ಲವೆಂಬುದೇ ಆ ಕಥೆಯ ತೀರದ ದುಃಖ.

ಆದರೆ ಭಾವವೊಂದೇ ಸಾಲದು. ಹಿಂಸೆಯ ಲಕ್ಷಣ ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟಿದ್ದಾರೆ. ಅಜಾಗರೂಕತೆಯೇ ಹಿಂಸೆಯ ತಾಯಿಬೇರು. ಆದ್ದರಿಂದ ದಯೆಯೂ ಜಾಗರೂಕವಾಗಿರಬೇಕು, ಬಲ್ಲವರನ್ನು ಕೇಳಿ ನಡೆಯಬೇಕು. ಕೋಳಿ ತನ್ನ ಕಾಯಿಲೆಯನ್ನು ಮರೆಮಾಚುವ ಜೀವಿ. ಬೇಟೆಯ ಪ್ರಾಣಿಗಳ ಕಣ್ಣಿಗೆ ಬೀಳದಿರಲು ಅದು ಆದಷ್ಟು ಕಾಲ ಗಟ್ಟಿಯಾಗಿದ್ದಂತೆ ತೋರಿಸಿಕೊಳ್ಳುತ್ತದೆ. ಗರಿ ಕೆದರಿ ಕುಳಿತದ್ದು ಕಾಣುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ. 'ನಾಳೆ ನೋಡೋಣ' ಎನ್ನುವ ಮಾತಿಗೆ ಅಲ್ಲಿ ಎಡೆಯಿಲ್ಲ.

ಮೊದಲು ಅದನ್ನು ಉಳಿದ ಕೋಳಿಗಳಿಂದ ಬೇರ್ಪಡಿಸಿ, ಗಾಳಿ ಮಳೆ ತಾಗದ ಒಣ ಜಾಗದಲ್ಲಿ ಬೆಚ್ಚಗಿಡಬೇಕು. ಕೋಳಿಯ ಮೈಬಿಸಿ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ರೋಗ ಬಂದಾಗ ಆ ಬಿಸಿಯನ್ನು ಉಳಿಸಿಕೊಳ್ಳುವುದಕ್ಕೇ ಅದರ ಶಕ್ತಿ ಸೋರಿಹೋಗುತ್ತದೆ. ಶುದ್ಧವಾದ ನೀರನ್ನು ಕೊಕ್ಕಿಗೆ ಎಟುಕುವಂತಿಡಬೇಕು. ಕನಿಕರದಿಂದ ಕೊಕ್ಕು ಬಿಡಿಸಿ ಬಲವಂತವಾಗಿ ನೀರು ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಅರೆದು ತಿನ್ನಿಸುವುದೂ ಅಂಥದೇ ಪ್ರಮಾದ. ಕುತ್ತಿಗೆಯ ಬುಡದ ಮೇವಿನ ಚೀಲ ಬೆಳಗ್ಗೆಯೂ ಖಾಲಿಯಾಗದೆ ಗಟ್ಟಿಯಾಗಿದೆಯೇ, ಹಿಕ್ಕೆಯ ಬಣ್ಣ ಹೇಗಿದೆ, ಮೊಟ್ಟೆಯಿಡಲು ತಿಣುಕುತ್ತಿದೆಯೇ, ಉಸಿರಿನಲ್ಲಿ ಸದ್ದಿದೆಯೇ ಎಂಬುದನ್ನು ಗಮನಿಸಿ ಪಶುವೈದ್ಯರಿಗೆ ತಿಳಿಸಬೇಕು. ಪಶುಪಾಲನಾ ಇಲಾಖೆಯ ಚಿಕಿತ್ಸಾಲಯಗಳು ತಾಲ್ಲೂಕು ತಾಲ್ಲೂಕಿನಲ್ಲಿವೆ, ಸಂಚಾರಿ ಪಶುಚಿಕಿತ್ಸೆಗೆ 1962 ಎಂಬ ಸಹಾಯವಾಣಿಯೂ ಇದೆ. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಮುಟ್ಟದೆ ಇಲಾಖೆಗೆ ತಿಳಿಸುವುದು ಊರಿನ ಜೀವರಾಶಿಯ ಮೇಲಿನ ದಯೆ. ಕೊಕ್ಕರೆ ರೋಗಕ್ಕಂತೂ ನೇರವಾದ ಮದ್ದಿಲ್ಲ, ಲಸಿಕೆಯೇ ರಕ್ಷೆ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಸುಮಾರಿಗೆ ಚುಚ್ಚುಮದ್ದು. ಕೆಲಸದಾಕೆಗೆ ಈ ವಿಷಯ ತಿಳಿಸಿ, ಲಸಿಕೆ ಹಾಕಿಸಲು ನೆರವಾದರೆ ಅದೂ ಔಷಧದಾನವೇ.

ಇಲ್ಲಿ ಸೂಕ್ಷ್ಮವಾದ ಇನ್ನೊಂದು ಸಂದೇಹ ಬರುತ್ತದೆ. ಔಷಧದಿಂದ ರೋಗಾಣುಗಳು ಸಾಯುತ್ತವೆ, ಗರಿಯೊಳಗಿನ ಹೇನುಗಳು ಸಾಯುತ್ತವೆ. ಒಂದು ಜೀವಕ್ಕಾಗಿ ಅನೇಕ ಜೀವಗಳ ಹಾನಿ ಸರಿಯೇ? ಗೃಹಸ್ಥನಿಗೆ ಹೇಳಿರುವುದು ಅಣುವ್ರತ, ಮಹಾವ್ರತವಲ್ಲ. ಸಂಕಲ್ಪೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಬೇಕು. ಬದುಕಿನ ಅನಿವಾರ್ಯ ಕಾರ್ಯಗಳಲ್ಲಿ ಆಗುವ ಆರಂಭೀ ಹಿಂಸೆಯನ್ನು ಯತ್ನದಿಂದ ತಗ್ಗಿಸುತ್ತ ಹೋಗಬೇಕು. ತನ್ನ ಜ್ವರಕ್ಕೆ ಮಾತ್ರೆ ನುಂಗುವಾಗ ಒಪ್ಪಿದ ನ್ಯಾಯವನ್ನು ಕೋಳಿಗೆ ನಿರಾಕರಿಸುವಂತಿಲ್ಲ. ಆದರೂ ಈ ಸಂದೇಹದಿಂದ ಕಲಿಯುವುದೊಂದಿದೆ. ಗೂಡನ್ನು ಒಣಗಿಸಿ, ಬಿಸಿಲು ಬೀಳುವಂತೆ ಮಾಡಿ, ಹಾಸನ್ನು ಆಗಾಗ ಬದಲಿಸಿ, ಕೋಳಿಗೆ ಹೊರಳಾಡಲು ಒಣಮಣ್ಣು ಬೂದಿ ಒದಗಿಸಿದರೆ ಹೇನು ಹೆಚ್ಚುವುದೇ ಕಡಿಮೆ. ಹೆಚ್ಚಿದ ಮೇಲೆ ಕೊಲ್ಲುವುದಕ್ಕಿಂತ ಹೆಚ್ಚದಂತೆ ನೋಡಿಕೊಳ್ಳುವ ಶುಚಿತ್ವ ಶ್ರಾವಕನ ದಾರಿಗೆ ಹತ್ತಿರ.

ವೈದ್ಯರು 'ಇನ್ನು ಉಳಿಯುವುದಿಲ್ಲ' ಎಂದಾಗ ಏನು ಮಾಡಬೇಕು? ಸಲ್ಲೇಖನದ ಹೆಸರು ಹೇಳಿ ಅದರ ಪ್ರಾಣ ತೆಗೆಯಲು ಹೊರಡುವುದು ತಪ್ಪು. ಸಲ್ಲೇಖನ ಅರಿತ ಜೀವ ತಾನಾಗಿ ಸ್ವೀಕರಿಸುವ ವ್ರತ, ಒಬ್ಬರ ಪರವಾಗಿ ಇನ್ನೊಬ್ಬರು ತೆಗೆದುಕೊಳ್ಳುವ ತೀರ್ಮಾನವಲ್ಲ. ನೋವು ತಗ್ಗಿಸುವ ಮದ್ದನ್ನು ವೈದ್ಯರಿಂದ ಕೇಳಿ ಪಡೆಯಬಹುದು. ಬೆಚ್ಚನೆಯ ಜಾಗ, ಗಲಾಟೆಯಿಲ್ಲದ ಮೂಲೆ, ಹತ್ತಿರ ಕುಳಿತು ಹೇಳುವ ಪಂಚನಮಸ್ಕಾರ, ಇವಿಷ್ಟು ಮನುಷ್ಯನ ಕೈಯಲ್ಲಿವೆ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರ ನಮಸ್ಕಾರ ಮಂತ್ರವನ್ನು ಉಸುರಿದ ಕಥೆ ಮನೆಮನೆಯ ನೆನಪಿನಲ್ಲಿದೆ. ಆ ನಾಯಿ ಸುದರ್ಶನ ಯಕ್ಷನಾಗಿ ಹುಟ್ಟಿ ಕೃತಜ್ಞತೆಯಿಂದ ಬಂದಿತೆನ್ನುತ್ತಾರೆ. ನಾಯಿಗೆ ಸಂದದ್ದು ಕೋಳಿಗೇಕೆ ಸಲ್ಲಬಾರದು?

ಗುಣವಾದರೆ, ಅದು ಇನ್ನೊಂದು ಪರೀಕ್ಷೆ. ಹೇಂಟೆ ಅದರ ಒಡತಿಯದು, ಆಕೆಯ ಮಗುವಿನ ಪುಸ್ತಕದ ಖರ್ಚು ಅದರ ಮೊಟ್ಟೆಯಿಂದಲೇ ಬರುತ್ತಿರಬಹುದು. ಅವಳ ಮುಂದೆ ಉಪದೇಶದ ಕಂತೆ ಬಿಚ್ಚುವುದು ಸುಲಭ, ಆದರೆ ಅದು ಮೈತ್ರಿಯಲ್ಲ. 'ಇಷ್ಟು ದಿನ ನೋಡಿಕೊಂಡಿದ್ದೇವೆ, ಇದೊಂದನ್ನು ಕೊಯ್ಯದೆ ಬದುಕಲು ಬಿಡು. ಅದಕ್ಕೆ ಬೇಕಾದ ಕಾಳು, ಮದ್ದು ಈ ಮನೆಯಿಂದ ಕೊಡುತ್ತೇವೆ' ಎಂದು ಕೇಳಿಕೊಂಡರೆ ಆಕೆ ಒಪ್ಪಬಹುದು, ಒಪ್ಪದಿರಬಹುದು. ಒಪ್ಪದಿದ್ದರೆ ಅಲ್ಲಿ ಮಾಧ್ಯಸ್ಥ್ಯ ಭಾವ. ಹಣ ಕೊಟ್ಟು ಕೊಂಡು ಕಾಡಿಗೆ ಬಿಟ್ಟುಬರುವುದಂತೂ ಅಭಯದಾನವಲ್ಲ. ಮನೆಯಲ್ಲಿ ಬೆಳೆದ ಕೋಳಿಯನ್ನು ಕಾಡಿಗೆ ಬಿಟ್ಟರೆ ಅದು ನರಿಗೆ ಕೊಟ್ಟ ಆಹಾರ. ಅಭಯವೆಂದರೆ ನೆಲೆ, ನೀರು, ಕಾವಲು ಎಲ್ಲವೂ ಸೇರಿದ್ದು.

ದೆಹಲಿಯ ಕೆಂಪುಕೋಟೆಯ ಎದುರಿಗೆ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗಾಗಿಯೇ ಒಂದು ಧರ್ಮಾಸ್ಪತ್ರೆ ಅನೇಕ ದಶಕಗಳಿಂದ ನಡೆದುಬಂದಿದೆ. ಗಾಳಿಪಟದ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಪಾರಿವಾಳಗಳನ್ನು ಜನ ಅಲ್ಲಿಗೆ ಎತ್ತಿಕೊಂಡು ಬರುತ್ತಾರೆ. ಪೂಜೆಯ ಪಕ್ಕದಲ್ಲೇ ಚಿಕಿತ್ಸೆಗೆ ಸ್ಥಳವಿದೆ ಎಂಬುದು ಆ ಕಟ್ಟಡದ ಮೌನ ಪ್ರವಚನ. ಜೀವಿಗಳ ಮೇಲೆ ಕರುಣೆ ತೋರುವುದನ್ನು ಸಂವಿಧಾನದ 51ಎ ವಿಧಿಯೂ ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ನಾಡಿನ ಪ್ರತಿ ಬಸದಿಯ ಪಕ್ಕದಲ್ಲಿ ಆಸ್ಪತ್ರೆ ಕಟ್ಟಲಾಗದಿರಬಹುದು. ಆದರೆ ಪ್ರತಿ ಮನೆಯ ಹಿತ್ತಲಿನಲ್ಲಿ ಒಂದು ಬುಟ್ಟಿ, ಒಂದು ಹಳೆಯ ಗೋಣಿ, ಒಂದು ಬಟ್ಟಲು ನೀರಿಗೆ ಸ್ಥಳವಿದ್ದೇ ಇದೆ.

ಉಮಾಸ್ವಾಮಿ ಆಚಾರ್ಯರ 'ತತ್ತ್ವಾರ್ಥಸೂತ್ರ'ವು ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂದು ಸಾರುತ್ತದೆ. ಕೋಳಿ ಮನುಷ್ಯನಿಗೆ ಮಾಡುವ ಉಪಕಾರವೇನೆಂದು ಕೇಳುವವರು ಮೊಟ್ಟೆ ಮಾಂಸಗಳ ಲೆಕ್ಕ ಹಾಕಬಹುದು. ಶ್ರಾವಕನ ಲೆಕ್ಕವೇ ಬೇರೆ. ಬಾಯಿಪಾಠವಾಗಿದ್ದ ಅಹಿಂಸೆಯನ್ನು ಅದು ಕೈಗೆ ತಂದುಕೊಟ್ಟಿತಲ್ಲ, ಅದೇ ಅದರ ಉಪಕಾರ. ಬಸದಿಯಿಂದ ಮರಳಿದ ಕಾಲುಗಳು ಮನೆಯೊಳಗೆ ಹೋಗುವ ಮುನ್ನ ಒಮ್ಮೆ ಹಿತ್ತಲ ಕಡೆ ತಿರುಗಲಿ.