ಮೇಲಿನ ತೋಟಗಳಿಗೆ ಉಪಗ್ರಹ ಸಂಪರ್ಕ: ಸಂಘವೇ ಮುಂದಾಗಲಿ



ಕಳೆದ ಆಷಾಢದಲ್ಲಿ ಮಳೆ ಒಂದು ದಿನ ಬಿಡುವು ಕೊಟ್ಟಾಗ, ನಮ್ಮ ಸಂಘದ ಮೇಲಿನ ಡಿಪೋದ ಹತ್ತಿರ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಿದ್ದ ಕೊನೆಗಾರನೊಬ್ಬ ಅಡಿಕೆ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಡಿಪೋದ ತಂತಿ ದೂರವಾಣಿ ಸತ್ತು ವರ್ಷಗಳೇ ಆಗಿವೆ. ಕರೆಂಟು ಹೋಗಿದ್ದರಿಂದ ಮೊಬೈಲ್ ಗೋಪುರವೂ ಮೂಕವಾಗಿತ್ತು. ಹುಡುಗನೊಬ್ಬ ಎರಡು ಮೈಲಿ ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ 108ಕ್ಕೆ ಕರೆ ಮಾಡಿದ. ವಾಹನ ಬಂದಾಗ ಕತ್ತಲಾಗಿತ್ತು. ಆತ ಬದುಕಿದ್ದಾನೆ ಎಂಬುದೇ ಸಮಾಧಾನ. ಆದರೆ ಮುಂದಿನ ಸಲವೂ ನಮ್ಮ ಅದೃಷ್ಟ ಹೀಗೆಯೇ ಇದ್ದೀತೆಂದು ಯಾರು ಹೇಳಬಲ್ಲರು?

ನಮ್ಮ ಮೂರು ಮೇಲಿನ ಡಿಪೋಗಳಿಗೆ ಉಪಗ್ರಹದ ಮೂಲಕ ಮಾತು ಮತ್ತು ಇಂಟರ್ನೆಟ್ ಸೌಕರ್ಯ ಒದಗಿಸುವ ವಿಷಯ ಮುಂದಿನ ಮಹಾಸಭೆಗೆ ಬರಲಿದೆ. ಇದರಿಂದ ಡಿವಿಡೆಂಡಿಗೆ ಪೆಟ್ಟು ಬೀಳುತ್ತದೆ ಎಂದು ಕೆಲವು ಸದಸ್ಯರು ಆಕ್ಷೇಪಿಸಿದ್ದಾರೆ. ಬೇಕಾದವರು ತಮ್ಮ ಮನೆಗೆ ತಾವೇ ಹಾಕಿಸಿಕೊಳ್ಳಲಿ ಎಂಬುದು ಇನ್ನು ಕೆಲವರ ವಾದ. ಎರಡನ್ನೂ ಗೌರವದಿಂದ ಕೇಳಿದ ಮೇಲೆಯೇ ನಮ್ಮ ಅಭಿಪ್ರಾಯವನ್ನು ಇಲ್ಲಿ ಮುಂದಿಡುತ್ತಿದ್ದೇವೆ.

ಉಪಗ್ರಹವೆಂದರೆ ನಮ್ಮ ನಾಡಿಗೆ ಹೊಸತೇನಲ್ಲ. 1975-76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲುಪಿತು. ಆ ಹಳ್ಳಿಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳವೂ ಸೇರಿದ್ದವು. ಅಲ್ಲಿ ಮನೆಗೊಂದು ಪೆಟ್ಟಿಗೆ ಕೊಡಲಿಲ್ಲ, ಊರಿಗೊಂದು ಕೊಟ್ಟರು. ಜನ ಒಟ್ಟಾಗಿ ಕುಳಿತು ನೋಡಿದರು. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ 1982ರಿಂದ ನೆರೆಯ ಹಾಸನದಲ್ಲೇ ಇದೆ. ಅಂಥ ಕೇಂದ್ರ ಇಷ್ಟು ಸಮೀಪದಲ್ಲಿದ್ದರೂ ನಮ್ಮ ಘಟ್ಟದ ಮೇಲಿನ ರೈಟರಿಗೆ ಕೆಳಗಿನ ಕಚೇರಿಯೊಂದಿಗೆ ಮಾತನಾಡಲು ಆಗುತ್ತಿಲ್ಲ.

ಈ ಸೌಕರ್ಯದಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಬೇಕು. ಪ್ರಶ್ನೆ ಕೇಳಿ ಉತ್ತರ ಕೇಳುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಅಭ್ಯಾಸವಿಲ್ಲದವರು ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಾರೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಆರಂಭಿಸುವ ಪದ್ಧತಿ ಇಟ್ಟುಕೊಂಡರೆ ತೊಂದರೆಯಿಲ್ಲ. ಎರಡನೆಯ ಬಗೆಯ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸುತ್ತುತ್ತವೆ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಈ ಬಗೆಯವು. ಇವುಗಳಲ್ಲಿ ಮಾತಿನ ವಿಳಂಬ ಗೊತ್ತಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಮುಚ್ಚಿಡಬಾರದು. ಮೊದಲನೆಯದು ಮಳೆ. ಸಣ್ಣ ತಟ್ಟೆಗಳಿಗೆ ಬಳಸುವ ಅಲೆಗಳನ್ನು ದಪ್ಪ ಹನಿಯ ಮಳೆ ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಸಂಪರ್ಕ ಆಗಾಗ ಕಡಿದು ಮತ್ತೆ ಬರುವುದನ್ನು ನಿರೀಕ್ಷಿಸಲೇಬೇಕು. ಎರಡನೆಯದು ಮರ. ನಿಂತ ಉಪಗ್ರಹಕ್ಕೆ ನಮ್ಮಲ್ಲಿ ದಕ್ಷಿಣದ ಕಡೆ ಆಕಾಶ ತೆರವಾಗಿರಬೇಕು, ಸುತ್ತುವ ಉಪಗ್ರಹಕ್ಕೆ ಇನ್ನೂ ವಿಶಾಲವಾದ ಆಕಾಶ ಬೇಕು. ಸಿಲ್ವರ್ ಓಕ್ ನೆರಳಿನ ಕೆಳಗಿನ ಮನೆಗಳಿಗೆ ಇದು ಸುಲಭವಲ್ಲ. ಡಿಪೋಗಳಲ್ಲಾದರೆ ಕಾಫಿ ಒಣಗಿಸುವ ಕಣದ ಬಯಲು ಇದ್ದೇ ಇದೆ. ಮೂರನೆಯದು ಕರೆಂಟು. ಕೆಳಕಕ್ಷೆಯ ತಟ್ಟೆಗೆ 75ರಿಂದ 100 ವಾಟ್ ಬೇಕಾಗುತ್ತದೆ. 100 ವಾಟ್ ಎಂದರೆ ಹಗಲು ರಾತ್ರಿ ಸೇರಿ 2.4 ಯೂನಿಟ್. ನಾವು ಇನ್ವರ್ಟರಿಗೆ ಇಡುವ 12 ವೋಲ್ಟಿನ 150 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್ ಮಾತ್ರ. ಆದ್ದರಿಂದ ಎರಡು ಬ್ಯಾಟರಿ ಬೇಕು, ಮತ್ತು ಗೊತ್ತುಪಡಿಸಿದ ವೇಳೆಯಲ್ಲಿ ಮಾತ್ರ ಯಂತ್ರ ಹಾಕುವ ಶಿಸ್ತೂ ಬೇಕು. ತುರ್ತು ಬಂದಾಗ ಯಾವ ವೇಳೆಯಾದರೂ ಸರಿ.

ಹಾಗಾದರೆ ಲಾಭವೇನು? ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರ ದಿನದ ದರ ಕೇಳಬೇಕಾಗಿರಲಿಲ್ಲ. 1990ರ ದಶಕದಲ್ಲಿ ಆ ವ್ಯವಸ್ಥೆ ಹೋದಂದಿನಿಂದ ಲಂಡನ್ನಿನ ರೊಬಸ್ಟಾ ದರವೂ ನ್ಯೂಯಾರ್ಕಿನ ಅರೇಬಿಕಾ ದರವೂ ನಮ್ಮ ಕಣದವರೆಗೆ ಬರುತ್ತವೆ. ಕೆಳಗಿನ ಸದಸ್ಯ ದರ ತಿಳಿದು ಮಾರುತ್ತಾನೆ, ಮೇಲಿನ ಸದಸ್ಯ ವ್ಯಾಪಾರಿ ಹೇಳಿದ ದರಕ್ಕೆ ಕೊಡುತ್ತಾನೆ. ಇಬ್ಬರೂ ಒಂದೇ ಸಂಘದ ಷೇರುದಾರರು. ಡಿವಿಡೆಂಡಿನ ಮಾತಾಡುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹವಾಮಾನದ ಮುನ್ಸೂಚನೆ, ಡಿಪೋದ ತೂಕದ ಚೀಟಿ, ಕೂಲಿಯವರ ಬ್ಯಾಂಕ್ ಜಮೆ, ಇವೆಲ್ಲ ಈಗ ಇಂಟರ್ನೆಟ್ ಮೇಲೆಯೇ ನಿಂತಿವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ದೂರವಾಣಿ ಎಲ್ಲವೂ ಕಡಿದುಹೋಗಿ ಊರೂರೇ ಒಂಟಿಯಾದುದನ್ನು ನಾವು ಮರೆತಿಲ್ಲ.

ಮಾತಿಗೆ ಬೇಕಾಗುವ ಜಾಗ ಬಹಳ ಕಡಿಮೆ. ಒಳ್ಳೆಯ ಗುಣಮಟ್ಟದ ಒಂದು ಸಿನಿಮಾ ಹರಿಯುವ ಜಾಗದಲ್ಲಿ ಸುಮಾರು 50 ಜನ ಮಾತಾಡಬಹುದು. ಆದ್ದರಿಂದ ಮೊದಲು ಮಾತು, ಆಮೇಲೆ ಲೆಕ್ಕಪತ್ರ ಮತ್ತು ದರ, ಮಕ್ಕಳ ಪಾಠ, ಉಳಿದದ್ದು ಕೊನೆಗೆ ಎಂಬ ಕ್ರಮವನ್ನು ಯಂತ್ರದಲ್ಲೇ ಗೊತ್ತುಮಾಡಿಡಬಹುದು. ಮನೆಮನೆಗೆ ಬೇರೆ ಬೇರೆ ಹಾಕಿಸಿಕೊಂಡರೆ ಲೈನು ಮನೆಯ ಕೂಲಿಯವರಿಗೂ ಒಂದೆಕರೆಯ ಸದಸ್ಯನಿಗೂ ಅದು ಎಂದೂ ಸಿಗದು. ಸಂಘ ಇರುವುದೇ ಒಬ್ಬನಿಂದ ಆಗದ ಕೆಲಸಕ್ಕಾಗಿ.

ಕಾನೂನಿನ ಬಗ್ಗೆಯೂ ಒಂದು ಮಾತು. ಪರವಾನಗಿಯಿಲ್ಲದ ಉಪಗ್ರಹ ಫೋನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಪರದೇಶದಲ್ಲಿರುವ ಮಕ್ಕಳು ತಂದುಕೊಟ್ಟರೂ ಬೇಡ. 2021ರಲ್ಲಿ ಸ್ಟಾರ್‌ಲಿಂಕ್ ಪರವಾನಗಿಗೆ ಮೊದಲೇ ಮುಂಗಡ ಪಡೆದಾಗ ಸರ್ಕಾರ ಅದನ್ನು ತಡೆಯಿತು. 2025ರ ಜೂನ್‌ನಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಆದರೆ ಪರವಾನಗಿ ಸಿಕ್ಕ ಮಾತ್ರಕ್ಕೆ ನಮ್ಮೂರಿಗೆ ಸೇವೆ ಬಂದಂತಲ್ಲ. ಯಾವ ಏಜೆಂಟನಿಗೂ ಮುಂಗಡ ಕೊಡಬೇಡಿ.

ನಮ್ಮ ಸಲಹೆ ಇಷ್ಟು. ಮುಂಗಾರಿಗೆ ಮೊದಲೇ ಒಂದು ಡಿಪೋದಲ್ಲಿ ಮಾತ್ರ, ಪರವಾನಗಿ ಇರುವ ಕಂಪನಿಯಿಂದ, ಅಕ್ಕಪಕ್ಕದ ಮನೆಗಳಿಗೆ ಹಂಚಿಕೊಳ್ಳಲು ಲಿಖಿತ ಒಪ್ಪಿಗೆ ಪಡೆದು ಹಾಕಿಸೋಣ. ಒಂದು ಪೂರ್ತಿ ಮಳೆಗಾಲ ಪರೀಕ್ಷಿಸೋಣ. ಎಷ್ಟು ದಿನ ನಡೆಯಿತು, ಎಷ್ಟು ಹೊತ್ತು ಕೈಕೊಟ್ಟಿತು ಎಂದು ರೈಟರು ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕವನ್ನು ನೋಡಿ ಉಳಿದ ಎರಡು ಡಿಪೋಗಳ ವಿಷಯ ತೀರ್ಮಾನಿಸೋಣ. ಪ್ರಯೋಗ ಸೋತರೆ ಒಂದು ಡಿಪೋದ ಖರ್ಚು ಹೋಯಿತು, ಅಷ್ಟೆ. ಪ್ರಯೋಗವನ್ನೇ ಮಾಡದೆ ಕುಳಿತರೆ, ಮುಂದಿನ ಆಷಾಢದಲ್ಲಿಯೂ ಯಾರದೋ ಮನೆಯ ಹುಡುಗ ಮಳೆಯಲ್ಲಿ ಗುಡ್ಡ ಹತ್ತಬೇಕಾಗುತ್ತದೆ.

ಮಹಾಸಭೆಗೆ ತಪ್ಪದೆ ಬನ್ನಿ. ವಿರೋಧವಿದ್ದರೆ ಅಲ್ಲಿ ಹೇಳಿ. ಮೇಲಿನ ಡಿಪೋಗಳ ಸದಸ್ಯರು ಮುಖ್ಯವಾಗಿ ಬರಬೇಕು. ಅವರಿಗೆ ಫೋನು ಮಾಡಿ ತಿಳಿಸುವ ಅನುಕೂಲ ಇನ್ನೂ ಇಲ್ಲವಾದ್ದರಿಂದ, ಈ ಪತ್ರಿಕೆ ಕೈಸೇರಿದವರು ದಯವಿಟ್ಟು ಅವರಿಗೂ ತಲುಪಿಸಬೇಕಾಗಿ ಕೋರುತ್ತೇವೆ.

ಕಾರ್ಯದರ್ಶಿ