ಕೂಸು ಯಾರನ್ನು ಹಚ್ಚಿಕೊಳ್ಳುವುದು?

ನಮ್ಮ ಸಮೇತನಹಳ್ಳಿಯ ಕಡೆಯಿಂದ ವೈಟ್‌ಫೀಲ್ಡಿಗೂ ಹೊಸಕೋಟೆಯ ಕಾರ್ಖಾನೆಗಳಿಗೂ ಕೆಲಸಕ್ಕೆ ಹೋಗುವ ತಾಯಂದಿರು, ಹಸುಗೂಸನ್ನು ಅತ್ತೆಯ ಮಡಿಲಲ್ಲಿಟ್ಟು ಹೊರಡುವರು. ಸಂಜೆ ಮರಳಿ ಬಂದು ಕೈನೀಡಿದರೆ, ಕೂಸು ಮೋರೆ ತಿರುಗಿಸಿ ಅಜ್ಜಿಯ ಸೆರಗನ್ನೇ ಹಿಡಿಯುವುದುಂಟು. “ನನ್ನ ಮಗು ನನಗೆ ಎರವಾಯಿತೆ?” ಎಂದು ಹೆತ್ತವಳು ಆಗ ಒಳಗೊಳಗೇ ಮರುಗುವಳು. ಈ ಸಂಕಟಕ್ಕೆ ಕಾರಣವಿಲ್ಲವೆಂಬುದನ್ನು ಈ ತಿಂಗಳು ವಿಚಾರಮಾಡೋಣ.

‘ವತ್ಸ’ವೆಂದರೆ ಕರು, ಅದರಿಂದಲೇ ‘ವಾತ್ಸಲ್ಯ’ವೆಂಬ ಪದ ಬಂದಿತು. ಆದರೆ ಅದು ಹಿರಿಯರ ಮಮತೆಯನ್ನು ಹೇಳುವ ಮಾತು. ಕೂಸಿನ ಮಮತೆಗೆ ‘ಹಚ್ಚಿಕೊಳ್ಳುವುದು’ ಎಂಬ ಅಚ್ಚಗನ್ನಡವೇ ಒಪ್ಪುವುದು.

ಹಾಲುಣಿಸಿದವರನ್ನೇ ಕೂಸು ಹಚ್ಚಿಕೊಳ್ಳುವುದೆಂದು ಪಂಡಿತರು ಬಹುಕಾಲ ನಂಬಿದ್ದರು. ಅಮೆರಿಕದ ಹ್ಯಾರಿ ಹಾರ್ಲೋ ಎಂಬುವರು ಕೋತಿಮರಿಗಳಿಗೆ ಎರಡು ಕೃತಕ ತಾಯಂದಿರನ್ನು ಮಾಡಿಸಿಟ್ಟರು. ಒಂದು ಹಾಲು ಕೊಡುವ ತಂತಿಯ ತಾಯಿ. ಇನ್ನೊಂದು ಹಾಲಿಲ್ಲದ, ಮೆತ್ತನೆಯ ಬಟ್ಟೆಯ ತಾಯಿ. ಮರಿಗಳು ತಂತಿಯವಳಲ್ಲಿ ಹಾಲು ಕುಡಿದು, ಬಟ್ಟೆಯವಳನ್ನೇ ಅಪ್ಪಿಕೊಂಡಿರುತ್ತಿದ್ದವು. ಈ ಸಂಗತಿ 1958ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ವೈದ್ಯರಾದ ಜಾನ್ ಬೌಲ್ಬಿಯವರು 1969ರ ತಮ್ಮ ಗ್ರಂಥದಲ್ಲಿ ಈ ನಂಟನ್ನು ಶಿಶುವಿನ ಜೀವರಕ್ಷಣೆಯ ಸಾಧನವೆಂದೇ ವಿವರಿಸಿದರು.

ಅತ್ತಾಗ ಎತ್ತಿಕೊಳ್ಳುವುದು, ನಕ್ಕಾಗ ನಗುವುದು: ಈ ಮರುದನಿ ದಿನವೂ ದೊರೆಯುತ್ತಿದ್ದರೆ, ಆರೇಳು ತಿಂಗಳಾಗುವ ಹೊತ್ತಿಗೆ ಕೂಸು ತನ್ನವರನ್ನು ಆರಿಸಿಕೊಳ್ಳುವುದು. ಹೊಸಬರನ್ನು ಕಂಡು ಅಳುವುದೂ ಆಗಲೇ. ಅದು ಹಟವಲ್ಲ, ನಂಟು ಬೆಳೆಯುತ್ತಿರುವುದರ ಕುರುಹು.

ಆ ‘ತನ್ನವರು’ ಒಬ್ಬರೇ ಆಗಬೇಕಿಲ್ಲ. ಮೇರಿ ಐನ್ಸ್‌ವರ್ತ್ ಎಂಬ ವಿದುಷಿ 1954-55ರಲ್ಲಿ ಯುಗಾಂಡದ ಹಳ್ಳಿಮನೆಗಳಿಗೆ ಹೋಗಿ ನೋಡಿದಾಗ, ತಾಯಿಯನ್ನು ಹಚ್ಚಿಕೊಂಡ ಕೂಸುಗಳು ಮನೆಯ ಇತರರನ್ನೂ ಹಚ್ಚಿಕೊಂಡಿದ್ದವು. ಯಶೋದೆಯ ಕಥೆಯನ್ನು ಬಲ್ಲ ನಮಗೆ ಇದು ಹೊಸತೆ? ಅಜ್ಜಿಗೆ ಸಂದ ಪ್ರೀತಿ ತಾಯಿಯ ಪಾಲಿನಿಂದ ಕಳೆದದ್ದಲ್ಲ.

ಆದಕಾರಣ, ತಾಯಂದಿರೇ, ಸಂಜೆ ಕೂಸನ್ನು ಸೆಳೆದುಕೊಳ್ಳದೆ ಹತ್ತಿರ ಕುಳಿತು ಅದರ ಮನಸ್ಸು ತಿರುಗುವವರೆಗೆ ಕಾಯಿರಿ. ಉಣಿಸಿ ಮಲಗಿಸುವ ಕೆಲಸವನ್ನು ನೀವೇ ಮಾಡಿರಿ. ಬೆಳಗ್ಗೆ ಕಣ್ಣುತಪ್ಪಿಸಿ ಹೋಗದೆ ಹೇಳಿಯೇ ಹೊರಡಿರಿ. ಕೂಲಿಕಾರ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ 2023ರಲ್ಲಿ ಕರ್ನಾಟಕ ಸರ್ಕಾರವು ಸಾರಿತು. ಅಂತಹ ಮನೆಗಳಲ್ಲಿಯೂ ತೊಟ್ಟಿಲು ಆಟಿಕೆಗಳಿಗಿಂತ ಮುಖ್ಯವಾದದ್ದು, ದಿನವೂ ಎತ್ತಿಕೊಳ್ಳುವ ಪರಿಚಿತವಾದ ಕೈ.

ಅಜ್ಜಿಯರಲ್ಲಿಯೂ ಒಂದು ಬಿನ್ನಹ. “ನನ್ನನ್ನು ಬಿಟ್ಟು ಯಾರಲ್ಲಿಗೂ ಹೋಗದು” ಎಂದು ಸೊಸೆಯ ಮುಂದೆ ಹೆಚ್ಚಳಪಡಬೇಡಿರಿ. ಸಂಜೆ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, “ಅಗೋ, ಅಮ್ಮ ಬಂದಳು ನೋಡು” ಎನ್ನಿರಿ.