ಬೆಣ್ಣೆಯ ನ್ಯಾಯ, ಮಂಜುಗಡ್ಡೆಯ ನ್ಯಾಯ

ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನಿಗೆ ಬೆಣ್ಣೆ ಪ್ರಿಯವೆಂಬುದು ವಾಚಕರಿಗೆ ತಿಳಿದದ್ದೇ. ಬಿಸಿಲೇರಿದಂತೆ ಬೆಣ್ಣೆ ಮೊದಲು ಮೆದುವಾಗುತ್ತದೆ, ಆಮೇಲೆ ಜಾರುತ್ತದೆ, ಕಡೆಗೆ ಕರಗುತ್ತದೆ. ಬಗೆಬಗೆಯ ಕೊಬ್ಬುಗಳ ಮಿಶ್ರಣವಾದ್ದರಿಂದ ಇಂಥ ಉಷ್ಣತೆಯಲ್ಲೇ ಕರಗಿತೆಂದು ಗೆರೆ ಎಳೆದು ಹೇಳುವಂತಿಲ್ಲ. ಮಂಜುಗಡ್ಡೆಯ ರೀತಿಯೇ ಬೇರೆ. ಆದರೆ ನಮ್ಮ ಜನ ಬೆಣ್ಣೆಯ ನ್ಯಾಯವನ್ನೇ ಅದಕ್ಕೂ ಹೇಳುತ್ತಾರೆ. ಅದೇ ನನ್ನ ತಕರಾರು.

ಹಳ್ಳಿಗಳಿಗೆ ಲಸಿಕೆ ತರುವ ಪೆಟ್ಟಿಗೆಯ ಒಳಗೋಡೆಗೆ ಐಸ್‌ಪ್ಯಾಕುಗಳನ್ನು ಜೋಡಿಸಿರುತ್ತಾರೆ. ಅವುಗಳಲ್ಲಿ ನೀರು ಅಲುಗಿದ ಸದ್ದಾದರೆ ಸಾಕು, "ಐಸು ಕರಗಿತು, ಔಷಧ ಕೆಟ್ಟಿತು" ಎನ್ನುವವರನ್ನು ಕಂಡಿದ್ದೇನೆ. ಓದಿದವರೂ ಹಾಗೆನ್ನುತ್ತಾರೆ! ನನ್ನ ಮತವೆಂದರೆ, ಪೆಟ್ಟಿಗೆ ತುಂಬುವಾಗ ಆ ಸದ್ದು ಕೇಳಿಸದಿದ್ದರೇ ಅಂಜಬೇಕು.

ಫ್ರೀಜರಿನಿಂದ ಆಗತಾನೆ ತೆಗೆದ ಗಡ್ಡೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿರಬಹುದು. ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್ ಮೊದಲಾದವು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಮತ್ತೆ ಕರಗಿಸಿದರೂ ಸತ್ವ ಮರಳದು. (ಪೋಲಿಯೋ ಹನಿಯ ಮಾತು ಬೇರೆ, ಅದಕ್ಕೆ ಬಿಸಿಯೇ ಶತ್ರು.) ಆದ್ದರಿಂದಲೇ ಪ್ಯಾಕುಗಳನ್ನು ಹೊರಗಿಟ್ಟು, ಒಳಗೆ ನೀರಾಡುವವರೆಗೆ ಕಾದು, ಆಮೇಲೆ ಪೆಟ್ಟಿಗೆ ತುಂಬಬೇಕೆಂಬ ನಿಯಮವಿದೆ. ಕರಗುತ್ತಿರುವ ಗಡ್ಡೆ ಸೊನ್ನೆಗಿಂತ ಕೆಳಗಿಳಿಯದು; ತಾನು ಪೂರಾ ಕರಗುವವರೆಗೆ ಮೇಲೂ ಏರದು.

ಅಷ್ಟರಲ್ಲಿ ತಂಪೆಲ್ಲ ನಷ್ಟವಾಗದೆ ಎಂದೀರಿ. ಲೆಕ್ಕ ನೋಡೋಣ. 1 ಗ್ರಾಂ ಗಡ್ಡೆ ಆ 20 ಡಿಗ್ರಿ ಏರಿ ಸೊನ್ನೆ ಮುಟ್ಟಲು ಸುಮಾರು 10 ಕ್ಯಾಲೊರಿ ಸಾಕು. ಸೊನ್ನೆಯ ಗಡ್ಡೆ ಸೊನ್ನೆಯ ನೀರೇ ಆಗಲು 80 ಕ್ಯಾಲೊರಿ ಬೇಕು. ಉಷ್ಣಮಾಪಕಕ್ಕೆ ಕಾಣದೆ ಅಡಗುವ ಈ ಶಾಖವೇ ಗುಪ್ತೋಷ್ಣ. 1760ರ ದಶಕದಲ್ಲಿ ಗ್ಲಾಸ್ಗೋವಿನಲ್ಲಿ ಜೋಸೆಫ್ ಬ್ಲ್ಯಾಕ್ ಇದನ್ನು ಬೋಧಿಸಿದನು. ಎಂದರೆ 9 ಪಾಲು ಬಂಡವಾಳದಲ್ಲಿ ಕರಗುವ ಮೊದಲು ಖರ್ಚಾದದ್ದು ಒಂದೇ ಪಾಲು.

ಕಲಾವಿಭಾಗದವರಿಗೆ ಈ ಕ್ಯಾಲೊರಿಯ ಗೊಡವೆ ಏಕೆಂದು ಕೆಲವು ಮಿತ್ರರು ಮೂಗು ಮುರಿಯುತ್ತಾರೆ. ಅವರೂ ನಾಳೆ ಮಕ್ಕಳನ್ನು ಎತ್ತಿಕೊಂಡು ಆ ಸರದಿಯಲ್ಲಿ ನಿಲ್ಲುವವರೇ ಅಲ್ಲವೆ? ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತು ಪಡೆದ ಕೂಸನ್ನು, ನೀರಿನ ಸದ್ದಿಗೆ ಹೆದರಿ, ಲಸಿಕೆಯಿಲ್ಲದೆ ಮನೆಗೆ ಒಯ್ಯುವುದು ಯಾವ ನ್ಯಾಯ? ಗಡ್ಡೆಯ ಚೂರೂ ಉಳಿಯದೆ ಬರೀ ನೀರಾಗಿದ್ದರೆ ಮಾತ್ರ ಸಂಶಯಪಡಿ. ಆಗ ಆ ನೀರು ಸೊನ್ನೆಯಲ್ಲೇ ನಿಲ್ಲಬೇಕೆಂಬ ಕಟ್ಟುಪಾಡಿಲ್ಲ. ಶಾಖ ತಗುಲಿತೆ ಎಂದು ತಿಳಿಯಲು ಲಸಿಕೆಯ ಸೀಸೆಯ ಮೇಲೆ ವೃತ್ತದೊಳಗೊಂದು ಚೌಕದ ಗುರುತಿರುತ್ತದೆ. ಚೌಕ ವೃತ್ತಕ್ಕಿಂತ ತಿಳಿಬಣ್ಣದ್ದಾಗಿದೆಯೆ ಎಂದು ದಾದಿಯನ್ನೇ ಕೇಳಿದರಾಯಿತು.